ಬೈಕಿಗೆ ತುಕ್ಕು ಹಿಡಿಯದಿರಲಿ ಅಂತ ನಿಲ್ಲಿಸಿದೆ, ದಂಡ ಬಂತು

ಹೋದ ವಾರ ಬರ್ಮಿಂಗ್‌ಹ್ಯಾಮ್‌ನಿಂದ ನಮ್ಮ ಹುಡುಗನೊಬ್ಬ ಫೋನ್ ಮಾಡಿದ್ದ. ಬ್ರಿಟನ್ನಿಗೆ ಬಂದು ಎಂಟು ತಿಂಗಳು, ಸೆಕೆಂಡ್ ಹ್ಯಾಂಡ್ 650 ಸಿಸಿ ಬೈಕ್ ತಗೊಂಡಿದ್ದಾನೆ. "ಅಣ್ಣಾ, ರಸ್ತೆಗೆಲ್ಲ ಉಪ್ಪು ಹಾಕ್ತಿದ್ದಾರೆ. ಮಾರ್ಚ್ ತನಕ ಬೈಕ್ ನಿಲ್ಲಿಸಿಬಿಡ್ತೀನಿ. ಇನ್ಶೂರೆನ್ಸ್ ಕ್ಯಾನ್ಸಲ್ ಮಾಡಿದ್ರೆ ದುಡ್ಡೂ ಉಳಿಯುತ್ತೆ ಅಲ್ವಾ?" ಅಂದ. ತಡಿ ಮಾರಾಯ ಅಂದೆ. ಇದೇ ಲೆಕ್ಕ ಹಾಕಿ ದಂಡ ಕಟ್ಟಿದವನು ನಾನು. ನನ್ನ ನಂತರ ಬಂದ ಮೂವರು ಅದೇ ಗುಂಡಿಗೆ ಬಿದ್ದದ್ದನ್ನೂ ನೋಡಿದ್ದೇನೆ.

ಮೊದಲು ಉಪ್ಪಿನ ವಿಷಯ ಮುಗಿಸೋಣ. ನಾನು ಉಡುಪಿ ಕಡೆಯವನು, ಕಡಲ ಗಾಳಿಯ ತುಕ್ಕು ನನಗೆ ಹೊಸದಲ್ಲ. ಮಳೆಗಾಲಕ್ಕೆ ಮುಂಚೆ ಅಪ್ಪ ಸ್ಕೂಟರಿನ ಅಡಿಗೆ ಹಳೇ ಎಂಜಿನ್ ಆಯಿಲ್ ಬಳಿಯುತ್ತಿದ್ದರು. ಆದರೆ ಇಲ್ಲಿ ಉಪ್ಪು ಗಾಳಿಯಲ್ಲಿ ಬರುವುದಿಲ್ಲ, ಲಾರಿಯಲ್ಲಿ ಬರುತ್ತದೆ. ಚೆಷೈರ್‌ನ ವಿನ್ಸ್‌ಫರ್ಡ್‌ನಂಥ ಕಡೆ ನೆಲದಡಿಯ ಗಣಿಯಿಂದ ತೆಗೆದ ಕಲ್ಲುಪ್ಪನ್ನು, ರಸ್ತೆ ಮೇಲೆ ನೀರು ಹೆಪ್ಪುಗಟ್ಟದಿರಲಿ ಅಂತ, ರಸ್ತೆ ತುಂಬ ಚೆಲ್ಲುತ್ತಾರೆ. ಅದಕ್ಕೆ ಹಿಮ ಬೀಳಲೇಬೇಕು ಅಂತಿಲ್ಲ. ರಸ್ತೆ ಸೊನ್ನೆ ಡಿಗ್ರಿ ಹತ್ತಿರ ತಣಿಯುತ್ತದೆ ಅಂತ ಮುನ್ಸೂಚನೆ ಇದ್ದರೆ ರಾತ್ರಿಯೇ ಉಪ್ಪು ಚೆಲ್ಲುವ ಗ್ರಿಟ್ಟರ್ ಲಾರಿಗಳು ಹೊರಡುತ್ತವೆ. ಅಕ್ಟೋಬರ್‌ನಿಂದ ಏಪ್ರಿಲ್ ತನಕ ಯಾವಾಗ ಬೇಕಾದರೂ. ಬಿಸಿಲು ಬಂದು ರಸ್ತೆ ಒಣಗಿತು ಅಂತ ಖುಷಿಪಡಬೇಡಿ, ಆ ಬಿಳಿ ಧೂಳು ಕೂಡ ಉಪ್ಪೇ. ಒಂದೆರಡು ಜೋರು ಮಳೆ ಬಂದು ತೊಳೆಯುವ ತನಕ ಅದು ಅಲ್ಲೇ ಇರುತ್ತದೆ.

ಮೊದಲ ಚಳಿಗಾಲ ನಾನು ದಿನಾ ಬೈಕಿನಲ್ಲೇ ಆಫೀಸಿಗೆ ಹೋದೆ. ಕೈ ಮರಗಟ್ಟುತ್ತೆ ಅಂತ ಬಿಸಿನೀರಿನಲ್ಲಿ, ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ತೊಳೆದೆ. ಎರಡೂ ತಪ್ಪು. ಉಪ್ಪು ಕೂತ ಲೋಹಕ್ಕೆ ಬಿಸಿ ತಾಗಿದರೆ ತುಕ್ಕಿನ ಕೆಲಸ ಚುರುಕಾಗುತ್ತದೆ. ಆ ಲಿಕ್ವಿಡ್‌ಗಳಲ್ಲಿ ಎಷ್ಟೋ ಸಲ ಉಪ್ಪನ್ನೇ ಸೇರಿಸಿರುತ್ತಾರೆ. ಮನೆಗೆ ಬಂದ ಸಂಜೆಯೇ ಪೈಪ್ ಹಿಡಿದು ತಣ್ಣೀರು ಬಿಡಿ, ಅಷ್ಟು ಸಾಕು. ಪ್ರೆಷರ್ ವಾಷರ್ ಬೇಡ, ಬೇರಿಂಗ್ ಒಳಗೆ ನೀರು ನುಗ್ಗುತ್ತದೆ. ಒಣಗಿದ ಮೇಲೆ ಎಸಿಎಫ್-50 ಥರದ ಸ್ಪ್ರೇ ಹೊಡೆಯಿರಿ. ಅದು ವಿಮಾನಗಳಿಗೆ ಅಂತ ಮಾಡಿದ್ದು. ಕೆಲಸ ಮಾತ್ರ ಅಪ್ಪನ ಹಳೇ ಆಯಿಲಿನದ್ದೇ: ಲೋಹಕ್ಕೆ ಉಪ್ಪುನೀರು ತಾಗದ ಹಾಗೆ ತೆಳುವಾದ ಪರದೆ ಹಾಕುವುದು. ಬೋಲ್ಟುಗಳು, ಎಕ್ಸಾಸ್ಟ್ ಪೈಪಿನ ಬುಡ, ಮಡ್‌ಗಾರ್ಡಿನ ಹಿಂಬದಿ ಬಿಡಬೇಡಿ. ಬ್ರೇಕ್ ಡಿಸ್ಕ್, ಪ್ಯಾಡ್, ಟೈರಿಗೆ ಒಂದು ಹನಿ ಕೂಡ ತಾಗಬಾರದು. ಇನ್ನೊಂದು, ಉಪ್ಪು ಮೆತ್ತಿದ ಒದ್ದೆ ಬೈಕನ್ನು ಹೀಟರ್ ಇರುವ ಗ್ಯಾರೇಜಿನಲ್ಲಿ ಇಡುವುದಕ್ಕಿಂತ ಹೊರಗೆ, ಗಾಳಿ ಆಡುವ ಕವರ್ ಹಾಕಿ ನಿಲ್ಲಿಸುವುದೇ ವಾಸಿ.

ಇಷ್ಟೆಲ್ಲ ಯಾಕೆ, ನಿಲ್ಲಿಸಿಬಿಟ್ಟರೆ ಆಯ್ತಲ್ಲ ಅಂತ ಎರಡನೇ ಚಳಿಗಾಲಕ್ಕೆ ನನಗೂ ಅನ್ನಿಸಿತು. ಕಥೆ ಶುರುವಾಗುವುದೇ ಇಲ್ಲಿ.

ಊರಲ್ಲಿ ಬೈಕ್ ತಗೊಳ್ಳುವಾಗಲೇ ಲೈಫ್ ಟ್ಯಾಕ್ಸ್ ಕಟ್ಟಿರುತ್ತೇವೆ. ಆಮೇಲೆ ಅದನ್ನು ಹಲಸಿನ ಮರದ ಕೆಳಗೆ ಎರಡು ವರ್ಷ ನಿಲ್ಲಿಸಿ, ಇನ್ಶೂರೆನ್ಸ್ ಮುಗಿದರೂ ಯಾರೂ ಮನೆಗೆ ಕಾಗದ ಬರೆದು ಕೇಳುವುದಿಲ್ಲ. ರಸ್ತೆಗಿಳಿಸಿ ಪೊಲೀಸರ ಕೈಗೆ ಸಿಕ್ಕರೆ ತಾನೇ ತೊಂದರೆ? ಬ್ರಿಟನ್ನಿನಲ್ಲಿ 2011ರಿಂದ ಹಾಗಿಲ್ಲ. ಬೈಕ್ ನಿಮ್ಮ ಹೆಸರಲ್ಲಿದ್ದರೆ ಇನ್ಶೂರೆನ್ಸ್ ಇರಲೇಬೇಕು, ಅದು ಬೀಗ ಹಾಕಿದ ಗ್ಯಾರೇಜಿನಲ್ಲೇ ಇರಲಿ, ಚಕ್ರವೇ ಬಿಚ್ಚಿಟ್ಟಿರಲಿ. ಬೇಡ ಅಂದರೆ "ಇದನ್ನು ರಸ್ತೆಗೆ ತರುವುದಿಲ್ಲ" ಅಂತ ಡಿವಿಎಲ್‌ಎಗೆ, ಅಂದರೆ ನಮ್ಮ ಆರ್‌ಟಿಒ ಥರದ ಇಲಾಖೆಗೆ, ಮೊದಲೇ ಹೇಳಬೇಕು. ಅದಕ್ಕೆ ಸಾರ್ನ್ ಅಂತಾರೆ. ಪೊಲೀಸರು ಹಿಡಿಯುವ ಮಾತೇ ಇಲ್ಲ, ಇನ್ಶೂರೆನ್ಸ್ ಪಟ್ಟಿಯನ್ನೂ ಗಾಡಿಗಳ ಪಟ್ಟಿಯನ್ನೂ ಕಂಪ್ಯೂಟರೇ ಹೋಲಿಸಿ ನೋಡುತ್ತದೆ.

ನಾನು ಮಾಡಿದ್ದೇನು? ನವೆಂಬರ್‌ನಲ್ಲಿ ಬಾಡಿಗೆ ಗ್ಯಾರೇಜಿಗೆ ಬೈಕ್ ಹಾಕಿದೆ, ಇನ್ಶೂರೆನ್ಸ್ ಕ್ಯಾನ್ಸಲ್ ಮಾಡಿದೆ. ಟ್ಯಾಕ್ಸ್ ಹೇಗೂ ತಿಂಗಳು ತಿಂಗಳು ಬ್ಯಾಂಕಿನಿಂದ ಹೋಗುತ್ತಿತ್ತಲ್ಲ, ಎಲ್ಲ ಸರಿ ಇದೆ ಅಂತ ನೆಮ್ಮದಿಯಾಗಿದ್ದೆ. ಅದೇ ಹೊತ್ತಿಗೆ ಮನೆ ಬದಲಾಯಿಸಿದ್ದೆ. ಲಾಗ್‌ಬುಕ್ಕಿನಲ್ಲಿ, ಅಂದರೆ ನಮ್ಮ ಆರ್‌ಸಿ ಥರದ ವಿ5ಸಿಯಲ್ಲಿ, ವಿಳಾಸ ಬದಲಾಯಿಸಿರಲಿಲ್ಲ. ಎಚ್ಚರಿಕೆಯ ಕಾಗದ ಹಳೇ ಮನೆಗೆ ಹೋಯಿತು, ಅದರ ಹಿಂದೆಯೇ ದಂಡದ ಕಾಗದವೂ ಅಲ್ಲಿಗೇ ಹೋಯಿತು. ಹಳೇ ರೂಮ್‌ಮೇಟ್ ಜನವರಿಯಲ್ಲಿ ಒಂದು ಕಟ್ಟು ಟಪಾಲು ತಂದುಕೊಟ್ಟಾಗಲೇ ನನಗೆ ಗೊತ್ತಾಗಿದ್ದು. 100 ಪೌಂಡ್ ದಂಡ. ಸುಮ್ನೆ ಕೂತಿದ್ದರೆ ಕೋರ್ಟಿಗೆ ಹೋಗುತ್ತದೆ, ಅಲ್ಲಿ 1000 ಪೌಂಡ್‌ವರೆಗೂ ಹಾಕಬಹುದು. ವಿಳಾಸ ಬದಲಾಯಿಸದೆ ಇರುವುದೂ ಬೇರೆಯೇ ಒಂದು ತಪ್ಪು, ಅದಕ್ಕೂ 1000ದ ತನಕ ದಂಡ ಇದೆ, ಪುಣ್ಯಕ್ಕೆ ಅದನ್ನು ಯಾರೂ ಕೇಳಲಿಲ್ಲ. ಇದರ ಮೇಲೆ ಕ್ಯಾನ್ಸಲೇಷನ್ ಫೀ. ಪಾಲಿಸಿಯನ್ನು ಮಧ್ಯಕ್ಕೆ ಮುರಿದಿದ್ದರಿಂದ ಆ ವರ್ಷದ ನೋ ಕ್ಲೈಮ್ ರಿಯಾಯಿತಿಯೂ ಕೈತಪ್ಪಿತು. ನಾನು ಉಳಿಸಲು ಹೊರಟಿದ್ದು ಎಪ್ಪತ್ತು ಪೌಂಡ್ ಚಿಲ್ಲರೆ!

ಸಾರ್ನ್ ಮಾಡುವುದು ಪುಕ್ಕಟೆ, ಆನ್‌ಲೈನಿನಲ್ಲಿ ಐದು ನಿಮಿಷದ ಕೆಲಸ. ಲಾಗ್‌ಬುಕ್ಕಿನ 11 ಅಂಕಿಯ ನಂಬರ್ ಹಾಕಿದರೆ ತಕ್ಷಣ ಜಾರಿಗೆ ಬರುತ್ತದೆ. ಟ್ಯಾಕ್ಸ್ ರಿಮೈಂಡರಿನ 16 ಅಂಕಿಯದ್ದು ಹಾಕಿದರೆ ಮುಂದಿನ ತಿಂಗಳ ಒಂದನೇ ತಾರೀಖಿನಿಂದ. ಈ ಸಣ್ಣ ವ್ಯತ್ಯಾಸ ಗೊತ್ತಿಲ್ಲದೆ ಒಬ್ಬ ಅದೇ ದಿನ ಇನ್ಶೂರೆನ್ಸ್ ಕ್ಯಾನ್ಸಲ್ ಮಾಡಿ ಸಿಕ್ಕಿಹಾಕಿಕೊಂಡ. ಕಟ್ಟಿದ ಟ್ಯಾಕ್ಸಿನಲ್ಲಿ ಪೂರ್ತಿ ಉಳಿದ ತಿಂಗಳುಗಳದ್ದು ವಾಪಸ್ ಬರುತ್ತದೆ. ಹಾಗಾಗಿ ತಿಂಗಳ ಕೊನೆಗೆ ಮಾಡಿ, ಒಂದನೇ ತಾರೀಖು ದಾಟಿಸಬೇಡಿ. ಕಳ್ಳರ ಭಯ ಇದ್ದರೆ ನಿಲ್ಲಿಸಿದ ಬೈಕಿಗೇ ಅಂತ ಬೆಂಕಿ-ಕಳವಿನ ಪಾಲಿಸಿ ಸಿಗುತ್ತದೆ. ಸಾರ್ನ್ ಆದ ಮೇಲೆ ಬೈಕ್ ಸಾರ್ವಜನಿಕ ರಸ್ತೆಯಲ್ಲಿ ನಿಲ್ಲುವಂತೆಯೂ ಇಲ್ಲ. ಫೆಬ್ರವರಿಯಲ್ಲಿ ಬಿಸಿಲು ಬಂತು ಅಂತ ಒಂದು ಸುತ್ತು ಹೊಡೆದರೆ 2500 ಪೌಂಡ್‌ವರೆಗೆ ದಂಡ. ಮೊದಲೇ ಬುಕ್ ಮಾಡಿದ ಎಂಒಟಿಗೆ, ಅಂದರೆ ಗಾಡಿ ರಸ್ತೆಗೆ ಯೋಗ್ಯವೇ ಅಂತ ನೋಡುವ ತಪಾಸಣೆಗೆ, ಹೋಗುವುದಕ್ಕೆ ಮಾತ್ರ ವಿನಾಯಿತಿ, ಆಗಲೂ ಇನ್ಶೂರೆನ್ಸ್ ಬೇಕು.

ಯಾವ ಪದ್ಧತಿ ಒಳ್ಳೆಯದು ಅಂತ ಕೇಳಿದರೆ, ಟ್ಯಾಕ್ಸಿನ ಮಟ್ಟಿಗೆ ನಮ್ಮದೇ ನೆಮ್ಮದಿ. ಒಮ್ಮೆ ಕಟ್ಟಿ ಮರೆತುಬಿಡಬಹುದು. ಆದರೆ ಎಂಒಟಿ ವಿಷಯದಲ್ಲಿ ಇವರಿಗೆ ಕೈ ಮುಗಿಯಬೇಕು. ಬೈಕಿಗೆ ಮೂರು ವರ್ಷ ಆದ ಮೇಲೆ ಪ್ರತಿ ವರ್ಷ ತಪಾಸಣೆ. ಅದರ ಇತಿಹಾಸ ಸರ್ಕಾರದ ವೆಬ್‌ಸೈಟಿನಲ್ಲಿ ಯಾರು ಬೇಕಾದರೂ ನಂಬರ್ ಪ್ಲೇಟ್ ಹಾಕಿ ನೋಡಬಹುದು. ಸೆಕೆಂಡ್ ಹ್ಯಾಂಡ್ ತಗೊಳ್ಳುವ ಮುನ್ನ ಅಲ್ಲಿ ತುಕ್ಕಿನ ಬಗ್ಗೆ ಏನು ಬರೆದಿದ್ದಾರೆ ಅಂತ ಓದಿ. ಫೋರ್ಕಿನ ಕ್ರೋಮ್ ಮೇಲೆ ತುಕ್ಕಿನ ಚುಕ್ಕೆಗಳಿದ್ದರೆ ಆಯಿಲ್ ಸೀಲ್ ಹರಿಯಬಹುದು, ಆಯಿಲ್ ಜೋರಾಗಿ ಸೋರಿದರೆ ಎಂಒಟಿ ಫೇಲ್.

ನಮ್ಮ ಹುಡುಗನದ್ದು ಸಾಲುಮನೆ, ಬೈಕ್ ನಿಲ್ಲುವುದು ರಸ್ತೆಯಲ್ಲೇ, ಹಾಗಾಗಿ ಅಲ್ಲಿ ಸಾರ್ನ್ ಆಗುವುದಿಲ್ಲ. ಪಕ್ಕದ ಸೋಲಿಹಲ್‌ನಲ್ಲಿ ನಮ್ಮವರೊಬ್ಬರ ಮನೆ ಮುಂದೆ ಅವರದೇ ಜಾಗ ಇದೆ, ಅವರು ಒಪ್ಪಿದ್ದಾರೆ. ಭಾನುವಾರ ಬೈಕ್ ಓಡಿಸಿಕೊಂಡು ಅಲ್ಲಿಗೆ ಹೋಗಿ, ತಣ್ಣೀರಲ್ಲಿ ತೊಳೆದು, ಸ್ಪ್ರೇ ಹೊಡೆದು, ಅಲ್ಲೇ ನಿಂತು ಫೋನಿನಲ್ಲಿ ಸಾರ್ನ್ ಮಾಡುತ್ತೇವೆ. ಇನ್ಶೂರೆನ್ಸ್‌ನವರಿಗೆ ಫೋನ್ ಮಾಡುವುದು ಸೋಮವಾರ.