ಕಾಪಿರೈಟ್ ಕ್ಲೇಮ್ ಬಂತಾ? ವಿಡಿಯೊ ಡಿಲೀಟ್ ಮಾಡುವ ಮೊದಲು ಇದನ್ನು ಓದಿ

ಯೂಟ್ಯೂಬ್ ಚಾನೆಲ್ ನಡೆಸುವವರಿಗೆ ಒಂದಲ್ಲ ಒಂದು ದಿನ ಈ ಮೇಲ್ ಬಂದೇ ಬರುತ್ತದೆ: ನಿಮ್ಮ ವಿಡಿಯೊದಲ್ಲಿ ಬೇರೆಯವರ ಕಾಪಿರೈಟ್ ಇರುವ ಸಂಗೀತವೋ ದೃಶ್ಯವೋ ಸಿಕ್ಕಿದೆ. ಹೊಸಬರು ಗಾಬರಿಯಲ್ಲಿ ವಿಡಿಯೊ ಅಳಿಸಿಬಿಡುತ್ತಾರೆ. ಇಲ್ಲವೇ ಬಾಯಿ ಮುಚ್ಚಿಕೊಂಡು ಅದರ ಆದಾಯವನ್ನು ಬಿಟ್ಟುಕೊಡುತ್ತಾರೆ. ಬೇರೆಯವರ ಹಾಡನ್ನು ಅನುಮತಿ ಇಲ್ಲದೆ ಎತ್ತಿಕೊಂಡಿದ್ದರೆ ಹಾಗೆ ಬಿಟ್ಟುಕೊಡುವುದು ಸರಿ. ಆದರೆ ಸ್ವಂತ ಕ್ಯಾಮೆರಾದಲ್ಲಿ ಚಿತ್ರೀಕರಿಸಿ, ಸ್ವಂತ ದನಿ ಕೊಟ್ಟು, ಲೈಸೆನ್ಸ್ ಪಡೆದ ಸಂಗೀತ ಹಾಕಿದವರೂ ಹೀಗೇ ಸುಮ್ಮನಾಗುತ್ತಾರೆ. ಅನ್ಯಾಯ ಉಳಿದುಕೊಳ್ಳುವುದು ಈ ಮೌನದ ಮೇಲೆ.

ಯೂಟ್ಯೂಬ್ ತಾನೇ ಕೊಟ್ಟ ಲೆಕ್ಕ ನೋಡಿ. 2021ರ ಮೊದಲ ಆರು ತಿಂಗಳಲ್ಲಿ ಕಾಪಿರೈಟ್ ಇರುವ ಹಾಡು, ದೃಶ್ಯಗಳನ್ನು ತಾನಾಗಿ ಹುಡುಕುವ ಅದರ ಕಂಟೆಂಟ್ ಐಡಿ ವ್ಯವಸ್ಥೆಯಲ್ಲಿ 72 ಕೋಟಿಗೂ ಹೆಚ್ಚು ಕ್ಲೇಮ್‌ಗಳು ಬಿದ್ದವು. ಅದರಲ್ಲಿ ಆಕ್ಷೇಪಣೆ ಬಂದದ್ದು ಶೇ 1ಕ್ಕಿಂತ ಕಡಿಮೆ. ಆಕ್ಷೇಪಿಸಿದವರ ಪೈಕಿ ಶೇ 60ರಷ್ಟು ಮಂದಿ ಗೆದ್ದರು. ಹಾಗಂತ ಎಲ್ಲ ಕ್ಲೇಮ್‌ಗಳಲ್ಲೂ ಅರ್ಧಕ್ಕಿಂತ ಜಾಸ್ತಿ ಸುಳ್ಳು ಎಂದು ಅರ್ಥವಲ್ಲ. ಆಕ್ಷೇಪಿಸುವವರು ಸಾಮಾನ್ಯವಾಗಿ ತಮ್ಮ ಮೇಲೆ ನಂಬಿಕೆ ಇರುವವರೇ. ಆದರೂ ಆಕ್ಷೇಪಿಸಿದವರಲ್ಲಿ ಹೆಚ್ಚಿನವರಿಗೆ ನ್ಯಾಯ ಸಿಕ್ಕಿದೆ ಎಂಬುದು ಸಣ್ಣ ಮಾತಲ್ಲ, ಅಲ್ವಾ?

ಹಾಗಾದರೆ ಮೇಲ್ ಬಂದಾಗ ಮಾಡಬೇಕಾದದ್ದೇನು? ಇಲ್ಲಿ ಯೂಟ್ಯೂಬ್‌ನ ನಿಯಮಗಳನ್ನು ಹಿಡಿದು ಹೇಳುತ್ತೇನೆ. ಫೇಸ್‌ಬುಕ್, ಇನ್‌ಸ್ಟಾಗ್ರಾಮ್‌ನಲ್ಲಿ ಬಟನ್‌ಗಳ ಹೆಸರು ಬೇರೆ ಇರುತ್ತದೆ, ಆದರೆ ಅಲ್ಲೂ ಆಕ್ಷೇಪಣೆಗೆ ದಾರಿ ಇದೆ.

ಹಂತ 1: ಬಂದದ್ದು ಕ್ಲೇಮೋ, ಸ್ಟ್ರೈಕೋ?

ಎರಡೂ ಒಂದೇ ಎಂದು ತಿಳಿದವರೇ ಜಾಸ್ತಿ. ಅಲ್ಲ.

ಕ್ಲೇಮ್ ಎಂದರೆ ಸಾಮಾನ್ಯವಾಗಿ ಯಂತ್ರ ಮಾಡಿದ ಗುರುತು. ಕಂಟೆಂಟ್ ಐಡಿ 2007ರಿಂದ ಇದೆ. ದೊಡ್ಡ ಸಂಗೀತ ಕಂಪನಿಗಳು, ಸ್ಟುಡಿಯೊಗಳು ತಮ್ಮ ಹಾಡು, ದೃಶ್ಯಗಳ ಪ್ರತಿಯನ್ನು ಅದರೊಳಗೆ ಹಾಕಿಟ್ಟಿರುತ್ತವೆ. ನೀವು ಅಪ್‌ಲೋಡ್ ಮಾಡಿದ ವಿಡಿಯೊವನ್ನು ಯಂತ್ರ ಅದರ ಜೊತೆ ಹೋಲಿಸುತ್ತದೆ. ಹೊಂದಿಕೆ ಸಿಕ್ಕಿದರೆ ಆ ಕಂಪನಿ ಮೊದಲೇ ಹೇಳಿಟ್ಟ ಪ್ರಕಾರ ಮೂರರಲ್ಲಿ ಒಂದು ಆಗುತ್ತದೆ: ವಿಡಿಯೊ ಬ್ಲಾಕ್ ಆಗುತ್ತದೆ, ಅದರ ಜಾಹೀರಾತಿನ ಹಣ ಅವರಿಗೆ ಹೋಗುತ್ತದೆ, ಇಲ್ಲವೇ ಎಷ್ಟು ಜನ ನೋಡಿದರು ಎಂಬ ಲೆಕ್ಕ ಮಾತ್ರ ಅವರಿಗೆ ಸಿಗುತ್ತದೆ. ಚಾನೆಲ್‌ಗೆ ಕೆಟ್ಟ ಹೆಸರು ಬರುವುದಿಲ್ಲ.

ಸ್ಟ್ರೈಕ್ ಬೇರೆ. ಹಕ್ಕುದಾರ ಕಾನೂನು ಪ್ರಕಾರ ನೋಟಿಸ್ ಕೊಟ್ಟು, ಯೂಟ್ಯೂಬ್ ವಿಡಿಯೊ ತೆಗೆದಾಗ ಬರುವುದು ಇದು. 90 ದಿನಗಳ ಒಳಗೆ ಮೂರು ಸ್ಟ್ರೈಕ್ ಬಿದ್ದರೆ ಚಾನೆಲ್ಲೇ ಹೋಗುತ್ತದೆ. ವಿಡಿಯೊ ಡಿಲೀಟ್ ಮಾಡಿದರೆ ಕ್ಲೇಮ್ ಹೋಗಬಹುದು, ಸ್ಟ್ರೈಕ್ ಮಾತ್ರ ಹೋಗುವುದಿಲ್ಲ. ಆದ್ದರಿಂದ ಗಾಬರಿಯಲ್ಲಿ ಅಳಿಸಬೇಡಿ.

ಹಂತ 2: ಯಾರು, ಏನು, ಎಲ್ಲಿಂದ ಎಲ್ಲಿಯವರೆಗೆ

ಯೂಟ್ಯೂಬ್ ಸ್ಟುಡಿಯೊ ತೆರೆಯಿರಿ. ಕಂಟೆಂಟ್ ಪಟ್ಟಿಯಲ್ಲಿ ಆ ವಿಡಿಯೊದ ಸಾಲಿನಲ್ಲಿ ನಿರ್ಬಂಧಗಳ ಕಾಲಂ ಇರುತ್ತದೆ. ಅಲ್ಲಿ ಕಾಪಿರೈಟ್ ಎಂಬುದರ ಮೇಲೆ ಹೋಗಿ ವಿವರ ನೋಡಿ. ಯಾವ ಹಾಡು, ಯಾರ ಹೆಸರಲ್ಲಿದೆ, ನಿಮ್ಮ ವಿಡಿಯೊದ ಎಷ್ಟನೇ ನಿಮಿಷದಿಂದ ಎಷ್ಟನೇ ನಿಮಿಷದವರೆಗೆ ಎಂಬುದೆಲ್ಲ ಅಲ್ಲಿರುತ್ತದೆ. ಸ್ಕ್ರೀನ್‌ಶಾಟ್ ತೆಗೆದಿಡಿ.

ಈಗ ಹೆಡ್‌ಫೋನ್ ಹಾಕಿಕೊಂಡು ಆ ಭಾಗವನ್ನಷ್ಟೇ ಕೇಳಿ. ಅಲ್ಲಿ ನಿಜಕ್ಕೂ ಆ ಹಾಡಿದೆಯೇ? ಯಂತ್ರ ತಪ್ಪುವುದುಂಟು. 2018ರಲ್ಲಿ ಹತ್ತು ಗಂಟೆಯ ವೈಟ್ ನಾಯ್ಸ್ ವಿಡಿಯೊ ಒಂದರ ಮೇಲೆ ಐದು ಕ್ಲೇಮ್ ಬಿದ್ದಿದ್ದವು. ಬರೀ ಸರ್ ಎನ್ನುವ ಸದ್ದು, ಅದನ್ನು ಅಪ್‌ಲೋಡ್ ಮಾಡಿದವರೇ ತಯಾರಿಸಿದ್ದು. 2012ರಲ್ಲಿ ಕ್ಯೂರಿಯಾಸಿಟಿ ರೋವರ್ ಮಂಗಳ ಗ್ರಹದಲ್ಲಿ ಇಳಿದಾಗ ನಾಸಾ ತನ್ನದೇ ಚಾನೆಲ್‌ನಲ್ಲಿ ಹಾಕಿದ ವಿಡಿಯೊ ಕೂಡ ಸುದ್ದಿ ಸಂಸ್ಥೆಯೊಂದರ ಹೆಸರಲ್ಲಿ ಬಂದ ಕಾಪಿರೈಟ್ ದೂರಿನಿಂದ ಸ್ವಲ್ಪ ಹೊತ್ತು ಕಾಣೆಯಾಗಿತ್ತು. ನಾಸಾಗೆ ಕೂಗಿ ಹೇಳಲು ದನಿ ಇದೆ. ಸಾವಿರ ಸಬ್‌ಸ್ಕ್ರೈಬರ್ ಇರುವವರಿಗೆ ಇರುವುದು ಆ ಆಕ್ಷೇಪಣೆ ಫಾರ್ಮ್ ಒಂದೇ.

ಬರೀ ಯಂತ್ರದ ತಪ್ಪೂ ಅಲ್ಲ. ಬೇರೆಯವರ ಹಾಡುಗಳನ್ನು ತಮ್ಮದೆಂದು ಕಂಟೆಂಟ್ ಐಡಿಯಲ್ಲಿ ತೋರಿಸಿ 2.3 ಕೋಟಿ ಡಾಲರ್‌ಗೂ ಹೆಚ್ಚು ಹಣ ಹೊಡೆದ ಇಬ್ಬರು ಅಮೆರಿಕದ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡಿದ್ದಾರೆ. ಸುಮಾರು ನಾಲ್ಕು ವರ್ಷ ಅವರ ಆಟ ನಡೆದಿತ್ತು. ಕ್ಲೇಮ್ ಮಾಡಿದವರ ಹೆಸರು ಎಂದೂ ಕೇಳದ್ದಾಗಿದ್ದರೆ ಅದನ್ನು ಸುಮ್ನೆ ಒಪ್ಪಿಕೊಳ್ಳಬೇಡಿ, ಹುಡುಕಿ ನೋಡಿ.

ಹಂತ 3: ನಿಮ್ಮ ಬಳಿ ನಿಜವಾಗಿ ಏನು ಆಧಾರ ಇದೆ?

ಇದು ಎಲ್ಲಕ್ಕಿಂತ ಮುಖ್ಯವಾದ ಹಂತ. ಸ್ವಲ್ಪ ನಿಧಾನಿಸಿ ಯೋಚಿಸಿ. ಆಕ್ಷೇಪಣೆಗೆ ಒಪ್ಪುವ ಕಾರಣಗಳು ನಾಲ್ಕೇ: ವಿಡಿಯೊ ಪೂರ್ತಿ ನಿಮ್ಮದೇ ಸೃಷ್ಟಿ, ನಿಮ್ಮ ಬಳಿ ಲೈಸೆನ್ಸ್ ಅಥವಾ ಅನುಮತಿ ಇದೆ, ಕೃತಿಯ ಕಾಪಿರೈಟ್ ಅವಧಿ ಮುಗಿದಿದೆ, ಇಲ್ಲವೇ ಕಾನೂನು ಒಪ್ಪುವ ನ್ಯಾಯಯುತ ಬಳಕೆ.

ಮೊದಲಿನ ಎರಡು ಸುಲಭ. ಲೈಸೆನ್ಸ್ ಇದ್ದರೆ ಅದರ ಸಂಖ್ಯೆ, ಖರೀದಿಯ ರಸೀದಿ, ಡೌನ್‌ಲೋಡ್ ಮಾಡಿದ ದಿನಾಂಕ ತೆಗೆದಿಟ್ಟುಕೊಳ್ಳಿ. ಬೇರೆಯವರೂ ಕೊಂಡು ಬಳಸಬಹುದಾದ ತಬಲಾ ಲೂಪೋ ಗಿಟಾರ್ ತುಣುಕೋ ನಿಮ್ಮ ವಿಡಿಯೊದಲ್ಲಿದೆ ಎನ್ನಿ. ಅದೇ ತುಣುಕನ್ನು ಇನ್ನೊಬ್ಬರು ತಮ್ಮ ಹಾಡಿನಲ್ಲಿ ಹಾಕಿ, ಆ ಹಾಡನ್ನು ಕಂಟೆಂಟ್ ಐಡಿಗೆ ಸೇರಿಸಿದರೆ ನಿಮ್ಮ ಮೇಲೆ ಕ್ಲೇಮ್ ಬೀಳುತ್ತದೆ. ಅವರದೂ ತಪ್ಪಲ್ಲದ ಬಳಕೆ, ನಿಮ್ಮದೂ ತಪ್ಪಲ್ಲದ ಬಳಕೆ. ಆದರೆ ಹಣ ಹೋಗುವುದು ಮಾತ್ರ ನಿಮ್ಮ ಕಡೆಯಿಂದ. ಇಂಥ ಕಡೆ ಲೂಪ್‌ನ ಲೈಸೆನ್ಸ್ ಪತ್ರ ಇದ್ದವರು ಧೈರ್ಯವಾಗಿ ಆಕ್ಷೇಪಿಸಬಹುದು.

ಮೂರನೆಯದರಲ್ಲಿ ಹಲವರು ಎಡವುತ್ತಾರೆ. ಹಳೆಯ ಸಂಗೀತ ರಚನೆಗೆ ಕಾಪಿರೈಟ್ ಮುಗಿದಿರಬಹುದು, ಅದನ್ನು ಯಾರೋ ಈಚೆಗೆ ನುಡಿಸಿ ಮಾಡಿದ ರೆಕಾರ್ಡಿಂಗ್‌ಗೆ ಮುಗಿದಿರುವುದಿಲ್ಲ. ರೆಕಾರ್ಡಿಂಗ್ ಬೇರೆಯವರದಾದರೆ ಕ್ಲೇಮ್ ಸರಿ ಇರುವ ಸಾಧ್ಯತೆ ಇದೆ. ನೀವೇ ನುಡಿಸಿದ್ದಾದರೆ ಮಾತು ಬೇರೆ. 2018ರಲ್ಲಿ ಪಿಯಾನೊ ವಾದಕರೊಬ್ಬರು ಬಾಖ್ ರಚನೆಯೊಂದನ್ನು ತಾವೇ ನುಡಿಸಿ ಫೇಸ್‌ಬುಕ್‌ಗೆ ಹಾಕಿದರು. ದೊಡ್ಡ ಸಂಗೀತ ಕಂಪನಿಯೊಂದರ ಹೆಸರಲ್ಲಿ ಅದರ ಮೇಲೆ ಕ್ಲೇಮ್ ಬಿತ್ತು. ಬಾಖ್ ತೀರಿಕೊಂಡದ್ದು 1750ರಲ್ಲಿ. ಅವರು ಆಕ್ಷೇಪಿಸಿದರು, ಎಲ್ಲರಿಗೂ ಗೊತ್ತಾಗುವಂತೆ ಬರೆದರು, ಕೊನೆಗೆ ಕ್ಲೇಮ್ ವಾಪಸ್ ಹೋಯಿತು.

ನಾಲ್ಕನೆಯದು, ನ್ಯಾಯಯುತ ಬಳಕೆ, ದೇಶದಿಂದ ದೇಶಕ್ಕೆ ಬದಲಾಗುತ್ತದೆ. ವಿಮರ್ಶೆ, ಟೀಕೆ, ಸುದ್ದಿ, ಬೋಧನೆಗಾಗಿ ಬೇಕಾದಷ್ಟು ತುಣುಕು ಬಳಸುವುದಕ್ಕೆ ಬಹಳ ಕಡೆ ಅವಕಾಶ ಇದೆ. ಇಂತಿಷ್ಟು ಸೆಕೆಂಡ್ ಬಳಸಿದರೆ ಪರವಾಗಿಲ್ಲ ಎಂಬ ನಿಯಮ ಯೂಟ್ಯೂಬ್‌ನಲ್ಲಿ ಇಲ್ಲ. ವಿವರಣೆಯಲ್ಲಿ ಮೂಲ ಕಲಾವಿದರ ಹೆಸರು ಹಾಕಿದರೆ ಸಾಕು, ಕಾಪಿರೈಟ್ ಮುರಿಯುವ ಉದ್ದೇಶವಿಲ್ಲ ಎಂದು ಬರೆದರೆ ಸಾಕು ಎಂಬುದೂ ಸುಳ್ಳು. ಮುಖ್ಯವಾಗಿ ನೋಡುವುದು ಇದನ್ನು: ಆ ತುಣುಕಿನ ಬಗ್ಗೆ ನೀವು ಏನಾದರೂ ಹೊಸದು ಹೇಳುತ್ತಿದ್ದೀರಾ? 2017ರಲ್ಲಿ ನ್ಯೂಯಾರ್ಕ್‌ನ ಫೆಡರಲ್ ನ್ಯಾಯಾಲಯದ ಮುಂದೆ ಒಂದು ರಿಯಾಕ್ಷನ್ ವಿಡಿಯೊ ಬಂದಿತ್ತು. ಮೂಲ ವಿಡಿಯೊದ ಅರ್ಧಕ್ಕಿಂತ ಜಾಸ್ತಿ ಅದರಲ್ಲಿತ್ತು. ಆದರೆ ಮಧ್ಯೆ ಮಧ್ಯೆ ನಿಲ್ಲಿಸಿ ಟೀಕೆ ಮಾಡಿದ್ದರು. ನ್ಯಾಯಾಲಯ ಅದನ್ನು ನ್ಯಾಯಯುತ ಬಳಕೆ ಎಂದಿತು. ಜೊತೆಗೆ, ಎಲ್ಲ ರಿಯಾಕ್ಷನ್ ವಿಡಿಯೊಗಳಿಗೂ ಈ ಮಾತು ಅನ್ವಯಿಸದು ಎಂದೂ ಹೇಳಿತು. ಬರೀ ಕೂತು ನೋಡಿ ನಗುವುದಕ್ಕೆ ಈ ರಕ್ಷಣೆ ಸಿಗುವುದು ಕಷ್ಟ.

ಈ ನಾಲ್ಕರಲ್ಲಿ ಯಾವುದೂ ಇಲ್ಲ ಎನಿಸಿದರೆ ಪ್ರಾಮಾಣಿಕವಾಗಿ ಒಪ್ಪಿಕೊಳ್ಳಿ. ಸ್ಟುಡಿಯೊದಲ್ಲೇ ಆ ಭಾಗವನ್ನು ಕತ್ತರಿಸುವ, ಹಾಡನ್ನು ಮಾತ್ರ ತೆಗೆಯುವ, ಬೇರೆ ಹಾಡು ಹಾಕುವ ಸೌಲಭ್ಯ ಇದೆ. ವಿಡಿಯೊದ ಲಿಂಕ್, ವೀಕ್ಷಣೆ ಎರಡೂ ಉಳಿಯುತ್ತವೆ. ಆಧಾರವಿಲ್ಲದೆ ಪದೇಪದೇ ಆಕ್ಷೇಪಿಸಿದರೆ ಚಾನೆಲ್‌ಗೇ ತೊಂದರೆ.

ಹಂತ 4: ಐದು ದಿನದೊಳಗೆ ಆಕ್ಷೇಪಣೆ ಹಾಕಿ

ನಿಮ್ಮ ಚಾನೆಲ್‌ಗೆ ಆದಾಯ ಬರುತ್ತಿದ್ದರೆ ಈ ಐದು ದಿನ ಬಹಳ ಮುಖ್ಯ. ಕ್ಲೇಮ್ ಬಿದ್ದ 5 ದಿನಗಳ ಒಳಗೆ ಆಕ್ಷೇಪಿಸಿದರೆ ಮೊದಲ ದಿನದಿಂದಲೇ ಆ ವಿಡಿಯೊದ ಹಣವನ್ನು ಯೂಟ್ಯೂಬ್ ಯಾರಿಗೂ ಕೊಡದೆ ತೆಗೆದಿಡುತ್ತದೆ. ಗೆದ್ದವರಿಗೆ ಆಮೇಲೆ ಸಿಗುತ್ತದೆ. ತಡವಾದರೆ ಆಕ್ಷೇಪಿಸಿದ ದಿನದಿಂದ ಮಾತ್ರ ತೆಗೆದಿಡುತ್ತದೆ. ವಿಡಿಯೊ ಜಾಸ್ತಿ ಓಡುವುದು ಮೊದಲ ದಿನಗಳಲ್ಲೇ ತಾನೇ?

ಬರೆಯುವಾಗ ಸಿಟ್ಟು ಬೇಡ, ಕಷ್ಟದ ಕಥೆಯೂ ಬೇಡ. ನಿಮ್ಮ ಮಾತನ್ನು ಓದುವುದು ಕ್ಲೇಮ್ ಮಾಡಿದವರೇ. ಅವರಿಗೆ ಅರ್ಥವಾಗುವ ಭಾಷೆಯಲ್ಲಿ, ಸಮಯದ ಗುರುತು ಹಾಕಿ ಬರೆಯಿರಿ. ಹೀಗೆ:

"ನೀವು ಗುರುತಿಸಿದ ಭಾಗ 2:10ರಿಂದ 2:48. ಅಲ್ಲಿರುವುದು ನಿಮ್ಮ ಹಾಡಲ್ಲ. ಅದು ನಾನು ಲೈಸೆನ್ಸ್ ಪಡೆದ ಡ್ರಮ್ ಲೂಪ್. ಲೈಸೆನ್ಸ್ ಸಂಖ್ಯೆ, ಪಡೆದ ದಿನಾಂಕ, ಕೊಟ್ಟ ಸಂಸ್ಥೆಯ ಹೆಸರು ಕೆಳಗಿವೆ. ಈ ಲೂಪ್ ಎಲ್ಲರಿಗೂ ಬಳಕೆಗೆ ಲಭ್ಯವಿದೆ. ನಿಮ್ಮ ಹಾಡಿನಲ್ಲೂ ಅದೇ ಇರುವುದರಿಂದ ಯಂತ್ರ ಹೊಂದಿಸಿದೆ. ಕ್ಲೇಮ್ ಬಿಟ್ಟುಕೊಡಿ."

ಇಷ್ಟು ಸಾಕು. ಕ್ಲೇಮ್ ಮಾಡಿದವರಿಗೆ ಉತ್ತರಿಸಲು 30 ದಿನ ಇರುತ್ತದೆ. ಉತ್ತರ ಬಾರದಿದ್ದರೆ ಕ್ಲೇಮ್ ತಾನಾಗಿಯೇ ಬಿದ್ದುಹೋಗುತ್ತದೆ.

ಈ ವ್ಯವಸ್ಥೆಯ ದೊಡ್ಡ ಕೊರತೆ ಇರುವುದೂ ಇಲ್ಲಿಯೇ. ಮೊದಲ ಸುತ್ತಿನಲ್ಲಿ ತೀರ್ಪು ಕೊಡುವುದು ಎದುರಾಳಿಯೇ. ಮಧ್ಯಸ್ಥಗಾರ ಯಾರೂ ಇಲ್ಲ. ಇನ್ನೊಂದು ಕಡೆ, ನಿಮ್ಮ ವಿಡಿಯೊವನ್ನು ಯಾರಾದರೂ ಕದ್ದು ಹಾಕಿಕೊಂಡರೆ ಕಂಟೆಂಟ್ ಐಡಿ ನಿಮ್ಮ ಕೈಗೆ ಸಿಗುವುದಿಲ್ಲ. ಅದು ದೊಡ್ಡ ಸಂಗ್ರಹ ಇರುವ ಹಕ್ಕುದಾರರಿಗೆ ಮಾತ್ರ. ಸಣ್ಣವರು ಕೈಯಿಂದ ಫಾರ್ಮ್ ತುಂಬಬೇಕು. ಇದು ಬದಲಾಗಲೇಬೇಕು. ಜನ ಕೂಗಿದಾಗ ಬದಲಾಗಿಯೂ ಇದೆ: ಯಂತ್ರದ ಬದಲು ಕೈಯಿಂದ ಕ್ಲೇಮ್ ಹಾಕುವವರು ವಿಡಿಯೊದ ಎಲ್ಲಿಂದ ಎಲ್ಲಿಯವರೆಗೆ ಎಂದು ಹೇಳಲೇಬೇಕು ಎಂಬ ನಿಯಮ ಬಂದದ್ದು 2019ರಲ್ಲಿ. ದಾರಿಯಲ್ಲಿ ಹೋಗುವ ಕಾರಿನಿಂದ ಕೇಳಿದ ಹಾಡಿಗೆ, ಕೆಲವೇ ಸೆಕೆಂಡಿನ ತುಣುಕಿಗೆ ಕೈಯಿಂದ ಕ್ಲೇಮ್ ಹಾಕಿ ಇಡೀ ವಿಡಿಯೊದ ಹಣ ಎತ್ತುವುದನ್ನು ನಿಲ್ಲಿಸಿದ್ದೂ ಅದೇ ವರ್ಷ.

ಹಂತ 5: ತಿರಸ್ಕರಿಸಿದರೆ ಅಪೀಲು

ಆಕ್ಷೇಪಣೆಯನ್ನು ತಳ್ಳಿಹಾಕಿದರೆ ಅಪೀಲು ಮಾಡಬಹುದು. ಆಗ ಅವರಿಗೆ ಸಿಗುವುದು 7 ದಿನ. ಒಂದೋ ಕ್ಲೇಮ್ ಬಿಡಬೇಕು, ಇಲ್ಲವೇ ವಿಡಿಯೊ ತೆಗೆಯುವಂತೆ ಕಾನೂನಿನ ನೋಟಿಸ್ ಕೊಡಬೇಕು. ನೋಟಿಸ್ ಎಂದರೆ ಜವಾಬ್ದಾರಿ. ಬಾಯಿಗೆ ಬಂದಂತೆ ಹೇಳಿದರೆ ಅವರೇ ಸಿಕ್ಕಿಬೀಳುತ್ತಾರೆ. ಹಾಗಾಗಿ ದುರ್ಬಲ ಕ್ಲೇಮ್‌ಗಳು ಹೆಚ್ಚಾಗಿ ಇಲ್ಲಿ ಉದುರುತ್ತವೆ. ಆದರೆ ಅವರು ನೋಟಿಸ್ ಕೊಟ್ಟರೆ ನಿಮಗೆ ಸ್ಟ್ರೈಕ್ ಬೀಳುತ್ತದೆ. ಆಧಾರ ಗಟ್ಟಿ ಇದ್ದರೆ ಮಾತ್ರ ಈ ಮೆಟ್ಟಿಲು ಹತ್ತಿ. ವಿಡಿಯೊ ಬ್ಲಾಕ್ ಆಗಿದ್ದರೆ ಮೊದಲ ಸುತ್ತು ಬಿಟ್ಟು ನೇರವಾಗಿ ಅಪೀಲಿಗೆ ಹೋಗುವ ದಾರಿಯೂ ಇದೆ.

ಹಂತ 6: ಸ್ಟ್ರೈಕ್ ಬಿದ್ದಾಗ

ಮೂರು ದಾರಿ. 90 ದಿನ ಕಾಯುವುದು. ಯೂಟ್ಯೂಬ್‌ನ ಕಾಪಿರೈಟ್ ಪಾಠವನ್ನೂ ಮುಗಿಸಬೇಕು. ಎರಡನೆಯದು, ನೋಟಿಸ್ ಕೊಟ್ಟವರಿಗೇ ಬರೆದು ವಾಪಸ್ ತೆಗೆದುಕೊಳ್ಳುವಂತೆ ಕೇಳುವುದು. ನಯವಾಗಿ ಕೇಳಿದರೆ ಒಪ್ಪುವವರು ಇದ್ದಾರೆ. ಮೂರನೆಯದು ಕೌಂಟರ್ ನೋಟಿಫಿಕೇಶನ್, ಅಂದರೆ ವಿಡಿಯೊ ತೆಗೆದದ್ದು ತಪ್ಪು ಎಂದು ನೀವು ಕೊಡುವ ಕಾನೂನಿನ ಉತ್ತರ.

ಇದು 1998ರ ಅಮೆರಿಕದ ಡಿಎಂಸಿಎ ಎಂಬ ಕಾಪಿರೈಟ್ ಕಾನೂನು ಕೊಟ್ಟ ಹಕ್ಕು. ನೀವು ಯಾವ ದೇಶದಲ್ಲಿದ್ದರೂ ಬಳಸಬಹುದು. ನೀವು ಇದನ್ನು ಸಲ್ಲಿಸಿದ ಮೇಲೆ 10 ಕೆಲಸದ ದಿನಗಳ ಒಳಗೆ ಎದುರಾಳಿ ಕೋರ್ಟಿಗೆ ಹೋದ ಪುರಾವೆ ಕೊಡದಿದ್ದರೆ ವಿಡಿಯೊ ವಾಪಸ್ ಬರುತ್ತದೆ, ಸ್ಟ್ರೈಕ್ ಹೋಗುತ್ತದೆ. ಸಣ್ಣ ವಿಡಿಯೊಗಾಗಿ ಕೋರ್ಟಿಗೆ ಹೋಗುವ ಕಂಪನಿ ಕಡಿಮೆ. ಆದರೆ ಎರಡು ಮಾತು ನೆನಪಿಡಿ. ನಿಮ್ಮ ನಿಜವಾದ ಹೆಸರು, ವಿಳಾಸ ಎದುರಾಳಿಯ ಕೈಗೆ ಹೋಗುತ್ತದೆ. ಎದುರಾಳಿ ಮೊಕದ್ದಮೆ ಹೂಡಿದರೆ ಅಮೆರಿಕದ ನ್ಯಾಯಾಲಯದ ವ್ಯಾಪ್ತಿಯನ್ನು ಒಪ್ಪಿದ್ದೀರಿ ಎಂದು ಬರೆದುಕೊಡಬೇಕು. ಬೆದರಿಸುವ ಜನರಿಂದ ಮುಖ ಮರೆಸಿ ಕೆಲಸ ಮಾಡುವವರಿಗೆ ಇದು ನಿಜವಾದ ಅಪಾಯ. ಸಹಿ ಮಾಡುವ ಮೊದಲು ಒಬ್ಬ ವಕೀಲರಿಗೆ ತೋರಿಸಿ.

ಸುಳ್ಳು ನೋಟಿಸ್ ಕೊಡುವವರಿಗೂ ಶಿಕ್ಷೆ ಇದೆ. ಮಗು ಕುಣಿಯುವ 29 ಸೆಕೆಂಡಿನ ವಿಡಿಯೊವನ್ನು 2007ರಲ್ಲಿ ತೆಗೆಸಿದ ಸಂಗೀತ ಕಂಪನಿಯನ್ನು ಅಮೆರಿಕದ ತಾಯಿಯೊಬ್ಬರು ಕೋರ್ಟಿಗೆ ಎಳೆದರು. ನೋಟಿಸ್ ಕೊಡುವ ಮೊದಲು ನ್ಯಾಯಯುತ ಬಳಕೆಯೇ ಎಂದು ಹಕ್ಕುದಾರರು ಯೋಚಿಸಲೇಬೇಕು ಎಂದು ಮೇಲ್ಮನವಿ ನ್ಯಾಯಾಲಯ 2015ರಲ್ಲಿ ಹೇಳಿತು. 2019ರಲ್ಲಿ ಯೂಟ್ಯೂಬ್ ಸ್ವತಃ, ಸುಳ್ಳು ಸ್ಟ್ರೈಕ್ ಹಾಕಿ ಸಣ್ಣ ಚಾನೆಲ್‌ಗಳಿಂದ ಹಣ ಕೇಳುತ್ತಿದ್ದವನ ಮೇಲೆ ಮೊಕದ್ದಮೆ ಹೂಡಿತು. ಅವನು 25,000 ಡಾಲರ್ ಕೊಟ್ಟು ರಾಜಿ ಮಾಡಿಕೊಂಡ. ಹಣ ಕೊಟ್ಟರೆ ಸ್ಟ್ರೈಕ್ ತೆಗೆಯುತ್ತೇನೆ ಎಂಬ ಸಂದೇಶ ಬಂದರೆ ಒಂದು ಪೈಸೆಯೂ ಕಳಿಸಬೇಡಿ. ಸಂದೇಶವನ್ನು ಹಾಗೇ ಇಟ್ಟುಕೊಂಡು ಯೂಟ್ಯೂಬ್‌ಗೆ ದೂರು ಕೊಡಿ.

ಮುಂದಿನ ವಿಡಿಯೊಗೆ

ಪ್ರತಿ ವಿಡಿಯೊಗೂ ಒಂದು ಫೋಲ್ಡರ್ ಮಾಡಿ. ಮೂಲ ಚಿತ್ರೀಕರಣ, ಎಡಿಟಿಂಗ್ ಪ್ರಾಜೆಕ್ಟ್ ಫೈಲ್, ಸಂಗೀತದ ಲೈಸೆನ್ಸ್, ಅನುಮತಿಯ ಮೇಲ್ ಅದರಲ್ಲೇ ಇರಲಿ. ವಿಡಿಯೊವನ್ನು ಮೊದಲು ಪ್ರೈವೇಟ್ ಆಗಿ ಅಪ್‌ಲೋಡ್ ಮಾಡಿ, ಯೂಟ್ಯೂಬ್‌ನ ತಪಾಸಣೆ ಮುಗಿಯುವವರೆಗೆ ಕಾಯಿರಿ. ಕ್ಲೇಮ್ ಇದ್ದರೆ ಆಗಲೇ ಗೊತ್ತಾಗುತ್ತದೆ. ವೀಕ್ಷಕರು ಬರುವ ಮೊದಲೇ ಬಗೆಹರಿಸಿಕೊಳ್ಳಬಹುದು. ಆಮೇಲೆ ಬಿದ್ದ ಕ್ಲೇಮ್‌ಗಳ ದಿನಾಂಕ, ನೀವು ಉತ್ತರಿಸಿದ ದಿನಾಂಕ, ಎದುರಿನವರ ಗಡುವು ಮೂರನ್ನೂ ಅದೇ ಫೋಲ್ಡರ್‌ನ ಒಂದು ಹಾಳೆಯಲ್ಲಿ ಬರೆದಿಡಿ.