ಕಾರಿನ ಸರ್ವಿಸ್: ಶೋರೂಮಿಗೋ, ಗ್ಯಾರೇಜಿಗೋ?

ವಿಜಯಪುರದ ಬಿಸಿಲು, ಎರೆಮಣ್ಣಿನ ಧೂಳು, ಹಂಗಾಮಿನಲ್ಲಿ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ನಿಧಾನಗತಿಯ ಓಟ. ಇಲ್ಲಿನ ಕಾರಿಗೆ ಆರೈಕೆ ತುಸು ಹೆಚ್ಚೇ ಬೇಕು. ಆದರೆ ಇಡೀ ಕಾರನ್ನು ಒಂದೇ ಕಡೆ ಒಪ್ಪಿಸಬೇಕೆಂಬ ಹಟ ಬೇಡ. ಕೆಲಸ ಯಾವುದೆಂದು ನೋಡಿ ಜಾಗ ಆರಿಸಿ.

ಮೊದಲು ವಾರಂಟಿ ಪುಸ್ತಕ ತೆಗೆಯಿರಿ. ವರ್ಷ, ಕಿಲೋಮೀಟರ್ ಇವೆರಡರಲ್ಲಿ ಯಾವುದು ಮೊದಲು ತುಂಬುತ್ತದೋ ಅದೇ ಗಡುವು. ಅಲ್ಲಿಯವರೆಗೆ ಶೋರೂಮೇ ಸರಿ. ಸರ್ವಿಸ್ ದಾಖಲೆ ಇಲ್ಲದಿದ್ದರೆ ನಾಳೆ ಎಂಜಿನ್ ಕೆಟ್ಟಾಗ ತಕರಾರು ಬರುತ್ತದೆ. ಗಡುವು ಮುಗಿದ ಮೇಲೂ ಏರ್‌ಬ್ಯಾಗ್, ಎಬಿಎಸ್ (ಜೋರು ಬ್ರೇಕಿಗೆ ಚಕ್ರ ಜಾಮ್ ಆಗದಂತೆ ತಡೆಯುವ ವ್ಯವಸ್ಥೆ), ಹೊಸ ಕೀ ಪ್ರೋಗ್ರಾಮಿಂಗ್ ಕೆಲಸಕ್ಕೆ ಅಲ್ಲಿಗೇ ಹೋಗಿ. ತಯಾರಿಕೆಯ ದೋಷ ಸರಿಪಡಿಸಲು ಕಂಪನಿಯೇ ಕಾರುಗಳನ್ನು ವಾಪಸು ಕರೆಸುವ ರೀಕಾಲ್ ಕೆಲಸ ಉಚಿತ, ಚಾಸಿ ನಂಬರ್ ಕೊಟ್ಟು ವಿಚಾರಿಸಿ.

ಶೋರೂಮಿನಲ್ಲಿ ಜಾಬ್ ಕಾರ್ಡಿಗೆ ಸಹಿ ಹಾಕುವ ಮುನ್ನ ಎಸ್ಟಿಮೇಟ್ ಓದಿ. ಎಂಜಿನ್ ಫ್ಲಶ್, ಎಸಿ ಕ್ಲೀನರ್‌ನಂಥವು ಕಂಪನಿಯ ಸರ್ವಿಸ್ ಪಟ್ಟಿಯಲ್ಲಿ ಇಲ್ಲದಿದ್ದರೆ ಹೊಡೆದುಹಾಕಿಸಿ. ಕೂಲಿಯ ಮೇಲೆ 18% ಜಿಎಸ್‌ಟಿಯೂ ಸೇರುತ್ತದೆ.

ವಾರಂಟಿ ಮುಗಿದ ಕಾರಿನ ಆಯಿಲ್, ಫಿಲ್ಟರ್, ಬ್ರೇಕ್ ಪ್ಯಾಡ್, ಸಸ್ಪೆನ್ಷನ್ ಬುಷ್‌ಗಳಿಗೆ ಒಳ್ಳೆಯ ಗ್ಯಾರೇಜು ಧಾರಾಳ ಸಾಕು. ಒಳ್ಳೆಯದು ಯಾವುದೆಂದು ತಿಳಿಯಲು ಆಯಿಲ್ ಬದಲಾವಣೆಯನ್ನೇ ಪರೀಕ್ಷೆಯಾಗಿ ಕೊಡಿ, ಎದುರಿಗೇ ನಿಂತು ನೋಡಿ.

ಮ್ಯಾನುಯಲ್‌ನಲ್ಲಿರುವ ಆಯಿಲ್ ಗ್ರೇಡನ್ನೇ ಕೇಳಿ. ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಇರುವ ಡೀಸೆಲ್ ಕಾರಿಗೆ ಕಡಿಮೆ ಬೂದಿಯ ಆಯಿಲ್ಲೇ ಬೇಕು, ಇಲ್ಲವಾದರೆ ಬೂದಿ ತುಂಬಿ ಡಿಪಿಎಫ್ ಕಟ್ಟಿಕೊಳ್ಳುತ್ತದೆ. ಕ್ಯಾನಿನ ಸೀಲು ನಿಮ್ಮ ಮುಂದೆಯೇ ಒಡೆಯಲಿ. ಸಣ್ಣ ಪೆಟ್ರೋಲ್ ಕಾರುಗಳಿಗೆ ಸುಮಾರು 3ರಿಂದ 3.5 ಲೀಟರ್ ಹಿಡಿಯುತ್ತದೆ, ಉಳಿದದ್ದು ನಿಮ್ಮದು. ಹಳೆಯ ಆಯಿಲ್ ಫಿಲ್ಟರಿನ ರಬ್ಬರ್ ರಿಂಗ್ ಕೆಲವೊಮ್ಮೆ ಎಂಜಿನ್ನಿಗೇ ಅಂಟಿಕೊಂಡಿರುತ್ತದೆ. ಅದರ ಮೇಲೆಯೇ ಹೊಸದು ಕೂರಿಸಿದರೆ ದಾರಿಯಲ್ಲಿ ಆಯಿಲ್ ಚೆಲ್ಲುತ್ತದೆ. ಬಲ್ಲ ಮಿಸ್ತ್ರಿ ಅಲ್ಲಿ ಬೆರಳಾಡಿಸಿ ನೋಡಿಯೇ, ಹೊಸ ರಿಂಗಿಗೆ ಒಂದಿಷ್ಟು ಆಯಿಲ್ ಸವರಿ ಕೈಯಿಂದ ತಿರುಗಿಸುತ್ತಾನೆ. ಹಳೆಯ ಆಯಿಲ್ ಇಳಿಸುವ ಡ್ರೈನ್ ಬೋಲ್ಟಿಗೆ ಹೊಸ ವಾಷರ್ ಹಾಕಿ, ಮೊದಲು ಬೆರಳಿನಿಂದ, ಆಮೇಲೆ ಬಿಗಿ ಎಷ್ಟೆಂದು ಅಳೆಯುವ ಟಾರ್ಕ್ ಸ್ಪ್ಯಾನರಿನಿಂದ ಬಿಗಿಯುತ್ತಾನೆ. ಉದ್ದ ಪೈಪು ಸಿಕ್ಕಿಸಿ ಮೈಭಾರ ಹಾಕುವವನ ಕೈಗೆ ಮತ್ತೆ ಕಾರು ಕೊಡಬೇಡಿ, ಎಂಜಿನ್ ಕೆಳಗಿನ ಅಲ್ಯೂಮಿನಿಯಂ ಆಯಿಲ್ ಸಂಪಿನ ಆಟೆ (ಬೋಲ್ಟ್ ಹಿಡಿಯುವ ಸುರುಳಿ) ಹರಿದರೆ ಸರ್ವಿಸಿಗಿಂತ ರಿಪೇರಿಯೇ ದುಬಾರಿ. ಕೊನೆಗೆ ಎಂಜಿನ್ ಒಂದು ನಿಮಿಷ ಓಡಿಸಿ, ನಿಲ್ಲಿಸಿ, ಐದು ನಿಮಿಷ ಬಿಟ್ಟು ಆಯಿಲ್ ಮಟ್ಟ ತೋರಿಸುವ ಡಿಪ್‌ಸ್ಟಿಕ್ ನೋಡಬೇಕು. ಮಟ್ಟ ಎರಡು ಗುರುತುಗಳ ನಡುವೆ ಇರಲಿ.

ನಮ್ಮ ಧೂಳಿಗೆ ಏರ್ ಫಿಲ್ಟರನ್ನು 5,000 ಕಿ.ಮೀ.ಗೊಮ್ಮೆ ಬಿಚ್ಚಿ ನೋಡಿಸಿ. ಕಂಪ್ರೆಸರಿನ ಜೋರು ಗಾಳಿ ಬಿಡಿಸಬೇಡಿ, ಕಾಗದ ಹರಿದರೆ ಮಣ್ಣು ನೇರ ಸಿಲಿಂಡರಿಗೆ ಹೋಗುತ್ತದೆ.

ಬ್ರೇಕ್ ಪ್ಯಾಡ್ ಸವೆದು 3 ಮಿ.ಮೀ.ಗೆ ಬಂದರೆ ಬದಲಿಸಿ. ಬ್ರೇಕ್ ಫ್ಲೂಯಿಡ್ ಗಾಳಿಯ ತೇವ ಹೀರಿಕೊಳ್ಳುವುದರಿಂದ ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಹೊಸದು ಬೇಕು. ನಮ್ಮ ಸಪಾಟು ರಸ್ತೆಯಲ್ಲಿ ತೇವದ ದೋಷ ಗೊತ್ತಾಗುವುದಿಲ್ಲ. ಗೋವಾಕ್ಕೆಂದು ಚೋರ್ಲಾ ಘಾಟ್ ಇಳಿಯುವಾಗ ಬ್ರೇಕ್ ಕಾದು, ತೇವ ಸೇರಿದ ಫ್ಲೂಯಿಡ್ ಬೇಗ ಕುದಿದು ಪೆಡಲ್ ಮೆತ್ತಗಾಗಬಹುದು.

ಎಲ್ಲೇ ಮಾಡಿಸಿ, ಬಿಲ್ಲಿನಲ್ಲಿ ದಿನಾಂಕ, ಕಿಲೋಮೀಟರ್, ಪಾರ್ಟ್ ನಂಬರ್ ಬರೆಸಿ. ತೆಗೆದ ಪಾರ್ಟುಗಳನ್ನು ಡಿಕ್ಕಿಯಲ್ಲಿಡಿ ಎಂದು ಕೆಲಸ ಶುರುವಾಗುವ ಮೊದಲೇ ಹೇಳಿ.