ಪಾಚಿ ತಿನ್ನುವ ಮೀನಿಗೂ ಊಟ ಹಾಕಬೇಕು

ಅಕ್ವೇರಿಯಂ ಅಂಗಡಿಗಳಲ್ಲಿ ಇವನ್ನು ‘ಟ್ಯಾಂಕ್ ಕ್ಲೀನರ್’ ಎಂದೇ ಮಾರುತ್ತಾರೆ. ಹಗಲೂ ರಾತ್ರಿ ಗಾಜಿಗೆ ಬಾಯಿ ಅಂಟಿಸಿಕೊಂಡು ಕೆರೆಯುತ್ತಿರುವ ಮೀನಿಗೆ ಬೇರೆ ಆಹಾರ ಯಾಕೆ ಅನ್ನಿಸುವುದು ಸಹಜ. ಮಿಕ್ಕ ಮೀನುಗಳ ಹಿಕ್ಕೆ ತಿಂದು ಬದುಕಿಕೊಳ್ಳುತ್ತದೆ ಎನ್ನುವವರೂ ಇದ್ದಾರೆ. ಅದು ಶುದ್ಧ ತಪ್ಪು. ನಲವತ್ತು, ಐವತ್ತು ಲೀಟರಿನ ಮನೆ ಟ್ಯಾಂಕಿನಲ್ಲಿರುವ ಪಾಚಿ ಕೆಲವೇ ದಿನಗಳಲ್ಲಿ ಮುಗಿಯುತ್ತದೆ. ಗಾಜು ಫಳಫಳ ಹೊಳೆಯುತ್ತಿದೆ ಎಂದರೆ ಆ ಮೀನಿನ ತಟ್ಟೆ ಬರಿದಾಗಿದೆ ಎಂದೇ ಅರ್ಥ.

ಕೊಡಗಿನಲ್ಲಿ ಇದು ಇನ್ನೂ ಬೇಗ ಆಗುತ್ತದೆ. ಮಳೆಗಾಲದಲ್ಲಿ ಮಡಿಕೇರಿ, ಭಾಗಮಂಡಲ ಕಡೆ ಸೂರ್ಯ ಮುಖ ತೋರಿಸುವುದೇ ಅಪರೂಪ. ಕರೆಂಟ್ ಹೋದರೆ ಟ್ಯಾಂಕಿನ ಲೈಟೂ ಇಲ್ಲ. ಬೆಳಕಿಲ್ಲದೆ ಪಾಚಿ ಬೆಳೆಯದು.

ಮೊದಲು ಮೀನು ಯಾವುದೆಂದು ತಿಳಿಯಿರಿ

ಸಣ್ಣ ಟ್ಯಾಂಕಿಗೆ ಒಪ್ಪುವುದು ಒಟೊಸಿಂಕ್ಲಸ್. ದಕ್ಷಿಣ ಅಮೆರಿಕದ ಮೀನು, 4 ಸೆಂಟಿಮೀಟರ್ ದಾಟುವುದು ಕಡಿಮೆ. ಐದಾರು ಜೊತೆಗಿದ್ದರೆ ಮಾತ್ರ ಧೈರ್ಯವಾಗಿ ಓಡಾಡುತ್ತದೆ. ಮೂತಿಯ ಮೇಲೆ ಮೀಸೆಯಂಥ ಕುಡಿಗಳಿರುವ ಬ್ರಿಸಲ್‌ನೋಸ್ ಪ್ಲೆಕೊ 12ರಿಂದ 15 ಸೆಂಟಿಮೀಟರ್ ಬೆಳೆಯುತ್ತದೆ, ಅದಕ್ಕೆ 100 ಲೀಟರ್ ಆದರೂ ಬೇಕು. ಅಗ್ಗಕ್ಕೆ ಸಿಗುವ ಸಾಮಾನ್ಯ ಸಕ್ಕರ್ ಮೀನನ್ನು ಮನೆಗೆ ತರಲೇಬೇಡಿ. ಬೆರಳುದ್ದ ಇದ್ದದ್ದು ಒಂದು ಅಡಿಗೂ ಮೀರಿ ಬೆಳೆಯುತ್ತದೆ. ಆಗ ಇಡಲಾಗದೆ ಹೊಳೆಗೆ ಬಿಡುವವರಿದ್ದಾರೆ. ಕೇರಳ, ಆಂಧ್ರದ ಜಲಮೂಲಗಳಲ್ಲಿ ಅದು ಈಗಾಗಲೇ ನೆಲೆಯೂರಿದೆ. ಕಾವೇರಿಗೂ ಹಾರಂಗಿಗೂ ಆ ಗತಿ ಬರಬಾರದು.

ಹೊಟ್ಟೆ ನೋಡುವುದು

ಮೀನು ಗಾಜಿಗೆ ಅಂಟಿಕೊಂಡಾಗ ಹೊರಗಿನಿಂದ ಅದರ ಹೊಟ್ಟೆ ಪೂರ್ತಿ ಕಾಣುತ್ತದೆ. ಇಷ್ಟು ಸುಲಭವಾಗಿ ಆರೋಗ್ಯ ತೋರಿಸುವ ಮೀನು ಬೇರೆ ಇಲ್ಲ, ದಿನಕ್ಕೊಮ್ಮೆ ನೋಡಿ. ಹೊಟ್ಟೆ ಸ್ವಲ್ಪ ಉಬ್ಬಿದ್ದರೆ ಚೆನ್ನಾಗಿದೆ. ಸಮತಟ್ಟಾಗಿದ್ದರೆ ಅಂದು ಸಂಜೆಯೇ ತಿನ್ನಲು ಕೊಡಿ. ಎದೆಯ ಹಿಂದೆ ಗುಳಿ ಬಿದ್ದಿದ್ದರೆ, ಪ್ಲೆಕೊ ಆದರೆ ಕಣ್ಣೂ ಒಳಗೆ ಹೋಗಿದ್ದರೆ, ಅದು ಬಹಳ ದಿನದಿಂದ ಹಸಿದಿದೆ. ಒಟೊಸಿಂಕ್ಲಸ್‌ಗಳನ್ನು ಬಹುಪಾಲು ನದಿಗಳಿಂದಲೇ ಹಿಡಿದು ತರುತ್ತಾರೆ. ದಾರಿಯುದ್ದಕ್ಕೂ ಉಪವಾಸವಿದ್ದು ಬರುವ ಅವು ಮನೆಗೆ ಬಂದ ಮೊದಲ ವಾರಗಳಲ್ಲೇ ಸಾಯುವುದು ಹೆಚ್ಚು. ಅಂಗಡಿಯಲ್ಲೇ ಹೊಟ್ಟೆ ನೋಡಿ ಆರಿಸಿ.

ಅಡುಗೆಮನೆಯಿಂದ ಏನು ಕೊಡಬಹುದು

ಸೌತೆಕಾಯಿ, ಹೀರೆಕಾಯಿ, ಸಿಹಿಕುಂಬಳ, ಪಾಲಕ್ ಆಗುತ್ತದೆ. ಸೌತೆಕಾಯಿಯನ್ನು ಚೆನ್ನಾಗಿ ತೊಳೆದು ಬೆರಳಿನ ದಪ್ಪದ ಬಿಲ್ಲೆ ಮಾಡಿ. ಉಪ್ಪು ಹಾಕದ ಕುದಿಯುವ ನೀರಿನಲ್ಲಿ ಒಂದೆರಡು ನಿಮಿಷ ಬಿಟ್ಟು, ತೆಗೆದು ತಣ್ಣೀರಿಗೆ ಹಾಕಿ. ತಿರುಳು ಮೆತ್ತಗಾಗಿ ಅಂಚು ಗಾಜಿನಂತೆ ಕಾಣಬೇಕು. ಕುಂಬಳಕ್ಕೆ ಇನ್ನೂ ಸ್ವಲ್ಪ ಹೊತ್ತು, ಪಾಲಕ್‌ಗೆ ಅರ್ಧ ನಿಮಿಷ ಸಾಕು. ಹಾಗೇ ಹಾಕಿದರೆ ತೇಲುತ್ತದೆ. ಸ್ಟೀಲ್ ಫೋರ್ಕಿಗೆ ಚುಚ್ಚಿ ತಳಕ್ಕೆ ಬಿಡಿ, ಇಲ್ಲವೇ ಹತ್ತಿ ದಾರದಲ್ಲಿ ಕಲ್ಲಿಗೆ ಕಟ್ಟಿ.

ಕೊಡುವುದು ಲೈಟ್ ಆರಿಸಿದ ಮೇಲೆ. ಹಗಲಿನಲ್ಲಿ ಹಾಕಿದರೆ ಗಪ್ಪಿ, ಮೊಲಿಗಳು ಮುತ್ತಿಕೊಳ್ಳುತ್ತವೆ, ನಾಚಿಕೆಯ ಮೀನು ಮರದ ಸಂದಿಯಲ್ಲೇ ಉಳಿಯುತ್ತದೆ. ಬೆಳಿಗ್ಗೆ ಉಳಿದದ್ದನ್ನು ತೆಗೆಯಲೇಬೇಕು, ಇಲ್ಲದಿದ್ದರೆ ಕೊಳೆತು ನೀರು ಬೆಳ್ಳಗಾಗುತ್ತದೆ. ಮೊದಲ ಕೆಲವು ರಾತ್ರಿ ಮೂಸಿಯೂ ನೋಡದಿರಬಹುದು. ತರಕಾರಿ ಆಹಾರವೆಂದು ಗೊತ್ತಾಗಲು ಅದಕ್ಕೂ ಸಮಯ ಬೇಕು, ಬಿಡದೆ ಇಡುತ್ತಾ ಹೋಗಿ. ವಾರಕ್ಕೆ ಎರಡು ಮೂರು ದಿನ ತರಕಾರಿ, ನಡುವೆ ಪಾಚಿ ವೇಫರ್ (ಅಂಗಡಿಯಲ್ಲಿ ಸಿಗುವ ಒಣ ಆಹಾರದ ಬಿಲ್ಲೆ) ಕೊಟ್ಟರೆ ಸರಿಹೋಗುತ್ತದೆ. ವೇಫರ್ ಪೊಟ್ಟಣದ ಹಿಂದೆ ಓದಿ: ಸ್ಪಿರುಲಿನಾ ಎಂಬ ಪಾಚಿ ಮೊದಲ ಸಾಲಿನಲ್ಲಿರಲಿ, ಮೀನಿನ ಪುಡಿಯೇ ಮೊದಲಿದ್ದರೆ ಬೇರೆಯದನ್ನು ಹುಡುಕಿ.

ಜೋರು ಮಳೆಯ ಕಕ್ಕಡ ತಿಂಗಳಲ್ಲಿ (ಜುಲೈ–ಆಗಸ್ಟ್) ನಮ್ಮ ಅಡುಗೆಮನೆಗೆ ಬರುವ ಕಳಲೆ, ಕೆಸದ ಸೊಪ್ಪು ಮಾತ್ರ ಟ್ಯಾಂಕಿಗೆ ಬೇಡ. ಕೆಸದಲ್ಲಿ ತುರಿಕೆಯ ಅಂಶವಿದೆ, ಕಳಲೆಯ ವಿಷ ಹೋಗಲು ನಾವೇ ಅದನ್ನು ದಿನಗಟ್ಟಲೆ ನೆನೆಸುತ್ತೇವೆ.

ಪಾಚಿ ಕಲ್ಲು

ಇದು ನನಗೆ ಎಲ್ಲಕ್ಕಿಂತ ಇಷ್ಟದ ವಿಧಾನ. ನುಣುಪಾದ ಕಲ್ಲುಗಳನ್ನು ಉಜ್ಜಿ ತೊಳೆದು, ಟ್ಯಾಂಕಿನಿಂದ ತೆಗೆದ ಹಳೇ ನೀರು ತುಂಬಿದ ಬಿಳಿ ಬಕೆಟಿಗೆ ಹಾಕಿ ಬಿಸಿಲಿಗಿಡಿ. ಹಳೇ ನೀರಿನಲ್ಲಿರುವ ನೈಟ್ರೇಟೇ ಪಾಚಿಗೆ ಗೊಬ್ಬರ. ಬಕೆಟಿಗೆ ಸೊಳ್ಳೆ ಪರದೆಯ ಬಟ್ಟೆ ಕಟ್ಟುವುದನ್ನು ಮರೆಯಬೇಡಿ. ಒಂದೆರಡು ವಾರದಲ್ಲಿ ಕಲ್ಲಿನ ಮೇಲೆ ಮೊದಲು ಕಂದು, ಆಮೇಲೆ ಹಸಿರು ಪದರ ಹಿಡಿಯುತ್ತದೆ. ಒಂದನ್ನು ಟ್ಯಾಂಕಿಗಿಟ್ಟು, ಬೋಳಾದ ಮೇಲೆ ಬಕೆಟಿಗೆ ಹಾಕಿ ಇನ್ನೊಂದನ್ನು ಇಡಿ. ಮಳೆಗಾಲದಲ್ಲಿ ಬಕೆಟನ್ನು ಒಳಗೆ ತಂದು ಮೇಲೊಂದು ಎಲ್‌ಇಡಿ ಬಲ್ಬ್ ಹಾಕಿದರೂ ನಡೆಯುತ್ತದೆ, ನಿಧಾನ ಅಷ್ಟೆ.

ತೋಟದ ಮನೆಯವರು ಗಮನಿಸಬೇಕಾದದ್ದು

ಕಾಫಿಗೂ ಮೆಣಸಿನ ಬಳ್ಳಿಗೂ ಮಳೆಗೆ ಮುಂಚೆ ಶಿಲೀಂಧ್ರ ರೋಗ ತಡೆಯುವ ಬೋರ್ಡೋ ದ್ರಾವಣ ಹೊಡೆಯುತ್ತೇವೆ. ಶೇ 1ರ ದ್ರಾವಣವೆಂದರೆ 100 ಲೀಟರ್ ನೀರಿಗೆ ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ. ಮೈಲುತುತ್ತದಲ್ಲಿರುವ ತಾಮ್ರ ಪಾಚಿಯನ್ನೂ ಬಸವನಹುಳುವನ್ನೂ ಮೀನನ್ನೂ ಕೊಲ್ಲುತ್ತದೆ, ಮೆದು ನೀರಿನಲ್ಲಿ ಅದರ ವಿಷ ಇನ್ನೂ ಹೆಚ್ಚು. ಆದ್ದರಿಂದ ಸ್ಪ್ರೇಗೆ ಬಳಸಿದ ಬಕೆಟ್, ಡ್ರಮ್ಮು ಎಷ್ಟೇ ತೊಳೆದಿದ್ದರೂ ಈ ಕೆಲಸಕ್ಕೆ ಬೇಡ. ತೋಟದೊಳಗಿನ ಕಲ್ಲು, ಎಲೆ ಬೇಡ. ಪ್ಲೆಕೊಗಳಿಗೆ ಕೆರೆಯಲು ಮರದ ತುಂಡು ಬೇಕು ನಿಜ, ಆದರೆ ಕಾಫಿ ಗಿಡದ ಹಳೇ ಬೊಡ್ಡೆ ಎಷ್ಟೇ ಚಂದವಿದ್ದರೂ ವರ್ಷಗಟ್ಟಲೆ ಸಿಂಪಡಿಸಿದ್ದು ಅದರ ತೊಗಟೆಯಲ್ಲಿ ಉಳಿದಿರಬಹುದು. ಅಕ್ವೇರಿಯಂಗೆಂದೇ ಮಾರುವ ಮರ ಕೊಳ್ಳಿ.

ಚಳಿ ಮತ್ತು ಕರೆಂಟ್

ಈ ಮೀನುಗಳಿಗೆ 22ರಿಂದ 26 ಡಿಗ್ರಿ ನೀರು ಹಿತ. ನೀರು 20ಕ್ಕಿಂತ ಕೆಳಗಿಳಿದರೆ ಅವು ತಿನ್ನುವುದೂ ಕಡಿಮೆ, ಜೀರ್ಣವೂ ನಿಧಾನ. 50 ಲೀಟರಿಗೆ 50 ವಾಟಿನ ಹೀಟರ್ ಸಾಕು. ಕರೆಂಟ್ ಹೋಗಿ ಬಹಳ ಹೊತ್ತಾದರೆ ಟ್ಯಾಂಕಿನ ನಾಲ್ಕೂ ಬದಿಗೆ ಕಂಬಳಿ ಸುತ್ತಿ, ಮೇಲ್ಭಾಗ ತೆರೆದಿರಲಿ. ಬ್ಯಾಟರಿ ಏರ್ ಪಂಪ್ ಇದ್ದರೆ ಹಾಕಿ. ಅಂಥ ದಿನ ತರಕಾರಿಯನ್ನೂ ವೇಫರನ್ನೂ ಹಾಕಬೇಡಿ: ಫಿಲ್ಟರ್ ನಿಂತಿರುವಾಗ ಉಳಿದ ಆಹಾರ ಕೊಳೆತು ನೀರಿನ ಆಮ್ಲಜನಕವನ್ನು ಎಳೆದುಬಿಡುತ್ತದೆ, ಹೊಟ್ಟೆ ತುಂಬಿದ್ದ ಮೀನಿಗೆ ಎರಡು ದಿನದ ಉಪವಾಸ ಏನೂ ಅಲ್ಲ. ಕರೆಂಟ್ ಬಂದಾಗ ಫಿಲ್ಟರಿನ ಸ್ಪಂಜನ್ನು ಟ್ಯಾಂಕಿನ ನೀರಲ್ಲೇ, ಬೇರೆ ಪಾತ್ರೆಯಲ್ಲಿ ಅದ್ದಿ ಹಿಂಡಿ ಮತ್ತೆ ಜೋಡಿಸಿ. ಒಂದು ದಿನ ಅದು ಸರಿಯಾಗಿ ಓಡಿದ ಮೇಲೆ ಕಾಲು ಬಿಲ್ಲೆ ಸೌತೆಕಾಯಿಯಿಂದ ಶುರು ಮಾಡಿ.